ಹೆಸರುಬೇಳೆ ಕಟ್ಟು, ಜೋಳದ ಹಿಟ್ಟು, ಸಂತೆಯ ತರಕಾರಿ: ಮನೆಯಲ್ಲೇ ಮಾಡುವ ಸೂಪು

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಸೂಪು ಅಂದರೆ ಇನ್ನೂ ಹೊರಗಿನ ಪದಾರ್ಥ. ಹೋಟೆಲಿಗೆ ಹೋದಾಗ ಊಟಕ್ಕೆ ಮೊದಲು ಬರುವ ಕೆಂಪು ಟೊಮ್ಯಾಟೊ ಸೂಪು, ಇಲ್ಲವೇ ಪಾಕೀಟು ಕತ್ತರಿಸಿ ಬಿಸಿನೀರಿಗೆ ಸುರಿದು ಕಲಕುವ ಪುಡಿ. ಆದರೆ ಸೂಪು ಮಾಡಲು ಗೊತ್ತಿರಬೇಕಾದ ಕೆಲಸಗಳೆಲ್ಲ ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ನಡೆಯುತ್ತಿವೆ. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಅದರಿಂದ ಕಟ್ಟಿನ ಸಾರು ಆಗುತ್ತದೆ. ಬೇಸಿಗೆ ಬಂದರೆ ಜೋಳದ ಹಿಟ್ಟು ಕದಡಿ, ಕುದಿಸಿ ಅಂಬಲಿ ಮಾಡುತ್ತೇವೆ. ಆ ಕಟ್ಟು, ಈ ಜೋಳದ ಹಿಟ್ಟು ಎರಡೂ ಸೇರಿದರೆ ಸೂಪಿಗೆ ಬೇಕಾದ ರುಚಿಯೂ ಬಂತು, ಗಟ್ಟಿತನವೂ ಬಂತು. ಕಾರ್ನ್‌ಫ್ಲೋರ್, ಕ್ರೀಮು, ಪಾಕೀಟು ಯಾವುದೂ ಬೇಡ.

ಇಲ್ಲಿ ಬರೆದಿರುವುದು ನಾಲ್ಕು ಜನಕ್ಕೆ, ರಾತ್ರಿ ಊಟಕ್ಕೆ ಸಾಕಾಗುವಷ್ಟು. ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದರಲ್ಲಿ ಅರ್ಧ ಹೊತ್ತು ಕುಕ್ಕರು ಮತ್ತು ಒಲೆಯ ಕೆಲಸ, ನಿಮ್ಮದಲ್ಲ.

ಏನೇನು ಬೇಕು

ಹೆಸರುಬೇಳೆ ಕಾಲು ಬಟ್ಟಲು, ಅಂದರೆ ಸುಮಾರು 50 ಗ್ರಾಂ. ಗಜ್ಜರಿ ಎರಡು, ಬೀನ್ಸ್ ಎಂಟು-ಹತ್ತು, ಎಲೆಕೋಸು ಒಂದು ಸಣ್ಣ ಹೋಳು, ಟೊಮ್ಯಾಟೊ ಎರಡು, ಉಳ್ಳಾಗಡ್ಡಿ ಒಂದು, ಬೆಳ್ಳುಳ್ಳಿ ಐದಾರು ಎಸಳು, ಹಸಿ ಶುಂಠಿ ಹೆಬ್ಬೆರಳ ತುದಿಯಷ್ಟು. ಮೆಂತ್ಯ ಅಥವಾ ರಾಜಗಿರಿ ಸೊಪ್ಪು ಒಂದು ಹಿಡಿ. ಕೊತ್ತಂಬರಿ ಅರ್ಧ ಸಿವುಡು, ಕಡ್ಡಿ ಸಮೇತ. ಜೋಳದ ಹಿಟ್ಟು ಎರಡು ದೊಡ್ಡ ಚಮಚ. ಎಣ್ಣೆ ಎರಡು ಸಣ್ಣ ಚಮಚ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಯಾವುದಾದರೂ ನಡೆಯುತ್ತದೆ. ಜೀರಿಗೆ, ಕರಿಮೆಣಸು, ಉಪ್ಪು, ಒಂದು ನಿಂಬೆಹಣ್ಣು. ನೀರು ಸುಮಾರು ಒಂದೂಕಾಲು ಲೀಟರ್.

ಇಷ್ಟಕ್ಕೆ ತರಕಾರಿ, ಸೊಪ್ಪು ಎಲ್ಲ ಕೂಡಿ 600 ಗ್ರಾಂ ಆಸುಪಾಸು ಆಗುತ್ತದೆ. ಒಬ್ಬರ ಪಾಲಿಗೆ 150 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ 400 ಗ್ರಾಂ ತರಕಾರಿ ಅಂತ ಹೇಳಿದೆ. ಹಾಗಾಗಿ ಸೂಪು ಕುಡಿದೆವು, ತರಕಾರಿ ಲೆಕ್ಕ ಮುಗಿಯಿತು ಅಂತಲ್ಲ. ಮಧ್ಯಾಹ್ನದ ಊಟದಲ್ಲಿ ಪಲ್ಯ ಇರಲೇಬೇಕು. ಆದರೆ ರಾತ್ರಿ ಸುಮ್ನೆ ಅನ್ನ-ಸಾರು ಉಂಡು ಮಲಗುವ ಮನೆಯಲ್ಲಿ ಈ 150 ಗ್ರಾಂ ದೊಡ್ಡ ಸಂಗತಿ.

ತರಕಾರಿ ಇದೇ ಆಗಬೇಕು ಅಂತ ಹಟ ಬೇಡ. ಹುಬ್ಬಳ್ಳಿಯ ಜನತಾ ಬಜಾರಿನಲ್ಲೋ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲೋ ಆ ದಿನ ಯಾವುದು ತಾಜಾ ಇದೆ, ಯಾವುದು ಅಗ್ಗ ಇದೆ ನೋಡಿ ತಗೊಳ್ಳಿ. ಒಂದು ಗಟ್ಟಿ ತರಕಾರಿ, ಒಂದು ಮೆತ್ತಗಿನದು, ಒಂದು ಹುಳಿ, ಒಂದು ಸೊಪ್ಪು ಇದ್ದರೆ ಸೂಪು ತಾನೇ ಹೊಂದಿಕೊಳ್ಳುತ್ತದೆ. ನಾನು ಆಲೂಗಡ್ಡೆ ಹಾಕುವುದಿಲ್ಲ. ಜೋಳದ ಹಿಟ್ಟು ಇರುವಾಗ ಅದರ ಅಗತ್ಯವೇ ಬೀಳುವುದಿಲ್ಲ. ಬೀಟ್‌ರೂಟ್ ಹಾಕಿದರೆ ಉಳಿದ ಎಲ್ಲ ತರಕಾರಿಯ ಬಣ್ಣ ನುಂಗಿಬಿಡುತ್ತದೆ. ಮಕ್ಕಳಿಗೆ ಆ ಬಣ್ಣ ಇಷ್ಟ ಅನ್ನುವುದಾದರೆ ಕಾಲು ಗಡ್ಡೆ ಸಾಕು.

ತೊಳೆಯುವುದು

ಅವಳಿ ನಗರದಲ್ಲಿ ನಳದ ನೀರು ದಿನಾ ಬರುವ ಓಣಿಗಳಿವೆ, ದಿನಗಟ್ಟಲೆ ಕಾಯಿಸುವ ಓಣಿಗಳೂ ಇವೆ. ನಳ ಬಿಟ್ಟು ಅದರ ಕೆಳಗೆ ತೊಳೆಯಲು ಆಗದವರು ಎರಡು ಬೋಗುಣಿ ನೀರು ಇಟ್ಟುಕೊಳ್ಳಿ. ಗಜ್ಜರಿ, ಬೀನ್ಸ್, ಟೊಮ್ಯಾಟೊಗಳನ್ನು ಮೊದಲ ನೀರಿನಲ್ಲಿ ಕೈಯಿಂದ ಚೆನ್ನಾಗಿ ತಿಕ್ಕಿ, ಎರಡನೆಯದರಲ್ಲಿ ಜಾಲಿಸಿ. ಸುಮ್ನೆ ನೆನೆಸಿಡುವುದಕ್ಕಿಂತ ತಿಕ್ಕುವುದೇ ಮುಖ್ಯ.

ಸೊಪ್ಪಿನದು ಬೇರೆ ಕ್ರಮ. ಅಗಲವಾದ ಬೋಗುಣಿಯ ತುಂಬ ನೀರಿನಲ್ಲಿ ಸೊಪ್ಪನ್ನು ಮುಳುಗಿಸಿ, ಅಲ್ಲಾಡಿಸಿ, ಎರಡು ನಿಮಿಷ ಹಾಗೇ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಸೊಪ್ಪನ್ನು ಕೈಯಿಂದ ಮೇಲಕ್ಕೆತ್ತಿ. ಬೋಗುಣಿ ಬಗ್ಗಿಸಿ ನೀರು ಚೆಲ್ಲಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿಗೇ ಬಂದು ಕೂರುತ್ತದೆ. ಮಳೆಗಾಲದಲ್ಲಿ ಮೆಂತ್ಯಕ್ಕೆ ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ತೊಳೆದ ನೀರು ತುಳಸಿ ಗಿಡಕ್ಕೋ ಕರಿಬೇವಿಗೋ ಹೋಗಲಿ.

ಗಜ್ಜರಿಯ ಸಿಪ್ಪೆ ತೆಗೆಯುವ ಅಗತ್ಯವಿಲ್ಲ, ತಿಕ್ಕಿ ತೊಳೆದರೆ ಸಾಕು. ತರಕಾರಿ ಹೆಚ್ಚಿದ ಮೇಲೆ ನೀರಿನಲ್ಲಿ ಹಾಕಿಡಬೇಡಿ. ಸಿ ಜೀವಸತ್ವ, ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಆ ನೀರು ಚೆಲ್ಲಿದರೆ ಅವೂ ಹೋದ ಹಾಗೆ.

ಮೊದಲ ಕೆಲಸ: ಕಟ್ಟು ಮತ್ತು ದಂಟಿನ ನೀರು

ಹೋಟೆಲಿನ ಸೂಪು ರುಚಿ ಅನಿಸುವುದಕ್ಕೆ ಉಪ್ಪು, ಬೆಣ್ಣೆ, ಅಜಿನೊಮೊಟೊ ಕಾರಣ ಇರಬಹುದು. ಮನೆಯ ಸೂಪಿಗೆ ರುಚಿ ಬರುವುದು ಅದರ ನೀರಿನಿಂದ. ಸಾದಾ ನೀರಿನಲ್ಲಿ ತರಕಾರಿ ಬೇಯಿಸಿದರೆ ಪಥ್ಯದ ಊಟದ ಹಾಗೆ ಸಪ್ಪೆ ಆಗುತ್ತದೆ. ಆಗ ಉಪ್ಪು ಜಾಸ್ತಿ ಬೀಳುತ್ತದೆ. ಉಪ್ಪು ಕಡಿಮೆ ಹಾಕಿಯೂ ರುಚಿ ಬರಬೇಕು ಅಂದರೆ ಇಲ್ಲಿ ಸ್ವಲ್ಪ ಹೊತ್ತು ಕೊಡಲೇಬೇಕು.

ಹೆಸರುಬೇಳೆಯನ್ನು ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿಯಿರಿ. ಬಣ್ಣ ಕೆಂಪಾಗಬಾರದು, ತುದಿಗಳು ಸ್ವಲ್ಪ ಬದಲಾದರೆ ಸಾಕು. ತೊಳೆದು, ಎರಡು ಲೋಟ ನೀರು, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ. ಆರಿದ ಮೇಲೆ ಕಡಗೋಲಿನಿಂದ ಕಡೆದರೆ ಕಾಳು ಕಾಣದ ಹಾಗೆ ಕರಗುತ್ತದೆ. ತೊಗರಿಬೇಳೆಯ ಕಟ್ಟೂ ನಡೆಯುತ್ತದೆ, ಆದರೆ ಅದರ ರುಚಿ ಮುಂದೆ ಬಂದು ಸೂಪು ಸಾರಿನ ಕಡೆ ವಾಲುತ್ತದೆ. ಹೆಸರುಬೇಳೆ ಹಿಂದೆ ನಿಲ್ಲುತ್ತದೆ, ಹೊಟ್ಟೆಗೂ ಹಗುರ.

ಇತ್ತ ಬೇಳೆ ಬೇಯುವಾಗ ಅತ್ತ ದಂಟಿನ ನೀರು. ಕೊತ್ತಂಬರಿ ಕಡ್ಡಿ, ರಾಜಗಿರಿ ದಂಟು, ಗಜ್ಜರಿಯ ತುದಿ, ಟೊಮ್ಯಾಟೊದ ತೊಟ್ಟಿನ ಭಾಗ, ಉಳ್ಳಾಗಡ್ಡಿಯ ಹೊರಪದರ, ಹೀರೆಕಾಯಿ ಮಾಡಿದ್ದರೆ ಅದರ ಸಿಪ್ಪೆ, ಬಟಾಣಿ ಸುಲಿದಿದ್ದರೆ ಅದರ ಸಿಪ್ಪೆ. ಇವೆಲ್ಲ ನಾವು ದಿನಾ ಒಗೆಯುವಂಥವು. ಸೊಪ್ಪು ಮಾರುವ ಅಜ್ಜಿಯರು ಸಿವುಡು ಕೈಗಿಡುವಾಗ "ದಂಟು ಒಗೀಬ್ಯಾಡವ್ವಾ, ರುಚಿ ಅದರಾಗ ಐತಿ" ಅಂತಾರೆ. ಆ ಮಾತು ನೂರಕ್ಕೆ ನೂರು ಖರೆ. ಇವನ್ನೆಲ್ಲ ನಾಲ್ಕು ಲೋಟ ನೀರಿಗೆ ಹಾಕಿ, ಜಜ್ಜಿದ ಎರಡು ಬೆಳ್ಳುಳ್ಳಿ ಎಸಳು, ಏಳೆಂಟು ಮೆಣಸಿನ ಕಾಳು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಇಡಿ. ಕೊತಕೊತ ಕುದಿಯುವುದು ಬೇಡ. ಸೋಸಿದರೆ ತಿಳಿ ಹಳದಿ ನೀರು ಸಿಗುತ್ತದೆ. ಒಂದು ಚಮಚ ಕುಡಿದು ನೋಡಿ. ಉಪ್ಪಿಲ್ಲದಿದ್ದರೂ ರುಚಿ ಇರುತ್ತದೆ.

ಎಲೆಕೋಸು, ಹೂಕೋಸು, ಮೂಲಂಗಿಯ ತುಂಡುಗಳನ್ನು ಮಾತ್ರ ಈ ನೀರಿಗೆ ಹಾಕಬೇಡಿ. ಅವುಗಳಲ್ಲಿರುವ ಗಂಧಕದ ಅಂಶ ಹೆಚ್ಚು ಹೊತ್ತು ಕುದಿದಷ್ಟೂ ವಾಸನೆ ಬಿಡುತ್ತದೆ. ಮನೆಯೆಲ್ಲ ಆ ವಾಸನೆ ಹಿಡಿಯುತ್ತದೆ. ಮೆಂತ್ಯದ ಬಲಿತ ಕಡ್ಡಿಯೂ ಬೇಡ, ಕಹಿ ಬಿಡುತ್ತದೆ. ಕೊಳೆತದ್ದು, ಬಾಡಿ ಕಪ್ಪಾದದ್ದು ಬೇಡವೆಂದು ಬೇರೆ ಹೇಳಬೇಕಿಲ್ಲ.

ಎರಡನೆಯದು: ತರಕಾರಿ ಬೇಯಿಸುವುದು

ಗಜ್ಜರಿ, ಬೀನ್ಸ್, ಎಲೆಕೋಸು ಎಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಒಂದೇ ಗಾತ್ರ ಇದ್ದರೆ ಒಂದು ಕರಗಿ ಇನ್ನೊಂದು ಹಸಿಯಾಗಿ ಉಳಿಯುವುದಿಲ್ಲ. ಚಮಚದಲ್ಲಿ ಒಮ್ಮೆಗೆ ನಾಲ್ಕೈದು ಬಗೆ ಬಾಯಿಗೆ ಬರುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಎರಡು ಸಣ್ಣ ಚಮಚ ಎಣ್ಣೆ ಕಾಯಿಸಿ. ಜೀರಿಗೆ ಅರ್ಧ ಚಮಚ ಹಾಕಿ, ಅದು ಚಟಪಟ ಅಂದ ಮೇಲೆ ಜಜ್ಜಿದ ಬೆಳ್ಳುಳ್ಳಿ, ತುರಿದ ಶುಂಠಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾಗಿ ಮೈ ಹೊಳೆಯಬೇಕು, ಕೆಂಪಗೆ ಸೀಯಬಾರದು. ಎಣ್ಣೆಯೇ ಇಲ್ಲದೆ ಮಾಡಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಗಜ್ಜರಿ, ಸೊಪ್ಪು, ಟೊಮ್ಯಾಟೊಗಳ ಹಳದಿ-ಕೆಂಪು ಬಣ್ಣದ ಸತ್ವ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು. ನಾಲ್ಕು ಜನಕ್ಕೆ ಎರಡು ಸಣ್ಣ ಚಮಚ ಏನೇನೂ ಅಲ್ಲ. ಅದನ್ನು ಬಿಡಬೇಡಿ.

ಈಗ ಗಜ್ಜರಿ, ಬೀನ್ಸ್ ಹಾಕಿ ಎರಡು ನಿಮಿಷ ಬಾಡಿಸಿ. ಸೋಸಿಟ್ಟ ದಂಟಿನ ನೀರು ಸುರಿದು, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಿ, ಆರು-ಏಳು ನಿಮಿಷ ಬಿಡಿ. ಆಮೇಲೆ ಎಲೆಕೋಸು, ಹೆಚ್ಚಿದ ಟೊಮ್ಯಾಟೊ. ಟೊಮ್ಯಾಟೊ ಮೊದಲೇ ಹಾಕಿದರೆ ಅದರ ಹುಳಿಗೆ ಗಜ್ಜರಿ, ಬೀನ್ಸ್ ಬೇಯಲು ತಡ ಮಾಡುತ್ತವೆ. ಇನ್ನು ನಾಲ್ಕೈದು ನಿಮಿಷ. ಗಜ್ಜರಿ ಚಮಚದಿಂದ ಒತ್ತಿದರೆ ಒಡೆಯಬೇಕು, ಆದರೆ ಆಕಾರ ಬಿಟ್ಟಿರಬಾರದು. ಕಡೆದಿಟ್ಟ ಬೇಳೆ ಕಟ್ಟನ್ನು ಈಗ ಸೇರಿಸಿ.

ಕುಕ್ಕರಿನಲ್ಲಿ ಎಲ್ಲ ಒಟ್ಟಿಗೆ ಹಾಕಿ ಸೀಟಿ ಕೂಗಿಸಿದರೆ ಆಗದೇ? ಆಗುತ್ತದೆ. ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮನೆ ಸೇರುವವರಿಗೆ ಅದೇ ಅನುಕೂಲ. ಬೇಳೆ, ತರಕಾರಿ ಒಟ್ಟಿಗೆ ಎರಡು ಸೀಟಿ ಕೂಗಿಸಿ, ಹಿಟ್ಟು ಮತ್ತು ಸೊಪ್ಪು ಮಾತ್ರ ಮುಚ್ಚಳ ತೆಗೆದ ಮೇಲೆ ಹಾಕಿ. ರುಚಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಆದರೂ ಪಾಕೀಟಿನ ಪುಡಿಗಿಂತ ಎಷ್ಟೋ ಪಾಲು ಮೇಲು.

ಮೂರನೆಯದು: ಜೋಳದ ಹಿಟ್ಟು

ಇಡೀ ಸೂಪಿನಲ್ಲಿ ಒಲೆ ಬಿಟ್ಟು ಅಲ್ಲಾಡಬಾರದ ಗಳಿಗೆ ಇದು.

ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ. ತಣ್ಣೀರೇ ಆಗಬೇಕು. ಬಿಸಿನೀರಿಗೆ ಒಣ ಹಿಟ್ಟು ಬಿದ್ದರೆ ಹಿಟ್ಟಿನ ಹೊರಮೈ ತಟಕ್ಕನೆ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಗಂಟು ಆಗುವುದು ಹೀಗೆ. ಅಂಬಲಿ ಕಾಸಿದವರಿಗೆ ಇದು ಕೈಗೆ ಗೊತ್ತು. ಕದಡಿದ ಹಿಟ್ಟು ಬೇಗ ತಳಕ್ಕೆ ಕೂರುತ್ತದೆ, ಅದಕ್ಕೇ ಸುರಿಯುವ ಮುಂಚೆ ಇನ್ನೊಮ್ಮೆ ಕಲಕಿ. ಸೂಪು ಕುದಿಯುತ್ತಿರಲಿ. ಬಲಗೈಯಲ್ಲಿ ಸೌಟು ತಿರುಗುತ್ತಿರಲಿ, ಎಡಗೈಯಿಂದ ಹಿಟ್ಟಿನ ನೀರನ್ನು ಸಣ್ಣ ಧಾರೆಯಾಗಿ ಬಿಡಿ. ಮೊದಲು ಏನೂ ಆಗದ ಹಾಗೆ ಕಾಣುತ್ತದೆ, ಸೂಪಿನ ಮೇಲೆ ಬಿಳಿ ಮಬ್ಬು ಅಷ್ಟೇ. ಒಂದೆರಡು ನಿಮಿಷಕ್ಕೆ ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ ಒಡೆಯತೊಡಗುತ್ತವೆ. ಸೌಟಿಗೆ ಸ್ವಲ್ಪ ಭಾರ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಇನ್ನು ಐದಾರು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ, ಹಸಿ ಹಿಟ್ಟಿನ ವಾಸನೆ ಹೋಗಬೇಕು. ಸೌಟು ಎತ್ತಿ ಅದರ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚದೆ ನಿಂತರೆ ಹದ ಬಂದಿದೆ.

ಆರಿದಂತೆ ಸೂಪು ಇನ್ನೂ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಸ್ವಲ್ಪ ತೆಳು ಅನಿಸುವಾಗಲೇ ಇಳಿಸುವುದು ಸರಿ.

ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ಬಡಿಯಲು ಬಾರದಿದ್ದರೆ ಅದು ಸೂಪಿಗೆ ನಡೆಯುತ್ತದೆ, ಇಲ್ಲಿ ಹೇಗೂ ಕುದಿಸುತ್ತೇವಲ್ಲ. ಆದರೆ ಮೂಸಿದರೆ ಕಹಿ ಅಥವಾ ಮುಗ್ಗಲು ವಾಸನೆ ಬಂದರೆ ಬೇಡ. ಸಜ್ಜೆ ಹಿಟ್ಟು, ರಾಗಿ ಹಿಟ್ಟು ಕೂಡ ಇದೇ ಅಳತೆಯಲ್ಲಿ ಹಾಕಬಹುದು. ರಾಗಿಗೆ ಬಣ್ಣ ಕಂದಾಗುತ್ತದೆ. ಮೈದಾ, ಕಾರ್ನ್‌ಫ್ಲೋರ್‌ಗಳಲ್ಲಿ ಗಟ್ಟಿ ಮಾಡುವ ಗುಣ ಇದೆ, ಆದರೆ ಅವು ಬರೀ ಪಿಷ್ಟವೇ ಹೆಚ್ಚಿರುವ ಹಿಟ್ಟು. ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟಿನಲ್ಲಿ ತೌಡು, ನಾರು ಎಲ್ಲ ಉಳಿದಿರುತ್ತದೆ.

ಕೊನೆಗೆ ಸೊಪ್ಪು, ಉಪ್ಪು, ನಿಂಬೆ

ಹೆಚ್ಚಿದ ಸೊಪ್ಪು ಹಾಕಿ ಎರಡು ನಿಮಿಷ. ಹಸಿರು ಹಾಗೇ ಇರಬೇಕು. ಈಗ ಉಪ್ಪು. ನಾಲ್ಕು ಜನಕ್ಕೆ ಮುಕ್ಕಾಲು ಸಣ್ಣ ಚಮಚ ಸಾಕು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಎಲ್ಲ ಸೇರಿ ಸುಮಾರು ಒಂದು ಸಣ್ಣ ಚಮಚ. ನಮ್ಮ ಊಟದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ರಂಜಕ ಎಲ್ಲ ಇರುತ್ತವೆ. ಹಾಗಾಗಿ ಸೂಪಿನಲ್ಲಾದರೂ ಕೈ ಹಿಡಿಯಬೇಕು. ಪಾಕೀಟಿನ ಸೂಪು ತರುವವರು ಹಿಂದಿನ ಪಟ್ಟಿಯಲ್ಲಿ ಸೋಡಿಯಂ ಎಷ್ಟಿದೆ ಅಂತ ಒಮ್ಮೆ ಓದಿ ನೋಡಿ.

ಒಲೆ ಆರಿಸಿ, ಕುಟ್ಟಿದ ಮೆಣಸು ಉದುರಿಸಿ. ನಿಂಬೆರಸವನ್ನು ಪಾತ್ರೆಗೆ ಹಿಂಡುವುದಕ್ಕಿಂತ ಬಟ್ಟಲಿಗೆ ಬಡಿಸಿದ ಮೇಲೆ ಹಿಂಡುವುದು ಒಳ್ಳೆಯದು. ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ಸೊಪ್ಪು-ಬೇಳೆಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಇದೇ ಸಿ ಜೀವಸತ್ವ ನೆರವಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ನಿಂಬೆ ಮರೆಯಬಾರದು. ಸೂಪು ಕುಡಿದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಒಂದು ತಾಸು ತಡೆಯಿರಿ. ಚಹಾ ಕಬ್ಬಿಣದ ಅಂಶ ಹತ್ತದಂತೆ ಮಾಡುತ್ತದೆ.

ಜೊತೆಗೆ ಖಡಕ್ ರೊಟ್ಟಿ. ಅದನ್ನು ಸಣ್ಣಗೆ ಮುರಿದು ಬಟ್ಟಲಿಗೆ ಹಾಕಿ, ಮೇಲಿನ ಚೂರು ಇನ್ನೂ ಕರುಂಕರುಂ ಅನ್ನುವಾಗಲೇ ತಿನ್ನಬೇಕು. ಹೋಟೆಲಿನವರು ಹಾಕುವ ಕರಿದ ಬ್ರೆಡ್ಡಿನ ಚೂರಿಗಿಂತ ಇದು ರುಚಿ, ಎಣ್ಣೆಯೂ ಇಲ್ಲ. ಬೇಳೆ, ತರಕಾರಿ, ಜೋಳ ಎಲ್ಲ ಬಂದದ್ದರಿಂದ ಅದೇ ಒಂದು ಊಟ. ಬರೀ ತೆಳು ಸೂಪು ಕುಡಿದು ತೂಕ ಇಳಿಸುತ್ತೇನೆ ಅಂತ ಊಟ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಎರಡು ದಿನ ಇಳಿದ ತೂಕ ಮೂರನೇ ದಿನದ ಹಸಿವಿಗೆ ವಾಪಸ್ ಬರುತ್ತದೆ, ಮೈಗೆ ನಿತ್ರಾಣ ಬೇರೆ.

ಕಾಲಕ್ಕೆ ತಕ್ಕ ಹಾಗೆ

ಚಳಿಗಾಲ ಸೂಪಿಗೆ ಸುಗ್ಗಿ. ಬಟಾಣಿ, ಗಜ್ಜರಿ, ಮೆಂತ್ಯ ಎಲ್ಲ ಒಳ್ಳೆಯದು ಸಿಗುತ್ತದೆ. ಗದಗ ಕಡೆ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಬೆಳೆದಾಗ ಅದರ ಕುಡಿ ಚಿವುಟಿದ ಸೊಪ್ಪು ಬರುತ್ತದೆ. ಆ ಎಲೆಗೆ ತನ್ನದೇ ಹುಳಿ ಇದೆ. ಅದನ್ನು ಹಾಕಿದ ದಿನ ಒಂದೇ ಟೊಮ್ಯಾಟೊ ಹಾಕಿ, ನಿಂಬೆ ನೋಡಿಕೊಂಡು ಹಿಂಡಿ. ಸ್ವಲ್ಪ ದಿನ ಬಿಟ್ಟು ಸುಲಗಾಯಿ ಬರುತ್ತದೆ. ಸುಲಿದ ಹಸಿ ಕಡಲೆ ಒಂದು ಹಿಡಿ, ಬಟಾಣಿಯ ಬದಲಿಗೆ. ಹಕ್ಕರಕಿಯನ್ನು ಮಾತ್ರ ಬೇಯಿಸಬೇಡಿ. ಹಸಿಯಾಗಿ ರೊಟ್ಟಿ ಜೊತೆ ತಿನ್ನುವ ಹಾಗೆ ಸೂಪಿನ ಪಕ್ಕಕ್ಕೆ ಇಟ್ಟುಕೊಳ್ಳಿ.

ಪುಂಡಿಪಲ್ಯ ಇದ್ದರೆ ಟೊಮ್ಯಾಟೊ ಪೂರ್ತಿ ಬಿಟ್ಟುಬಿಡಿ. ಏಳೆಂಟು ಎಲೆ ಸಾಕು, ಅದರ ಹುಳಿ ಜೋರು. ಇಂಥ ಹುಳಿ ಪದಾರ್ಥಕ್ಕೆ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲು ತಗೊಳ್ಳಿ.

ಬೇಸಿಗೆಗೆ ಸೋರೆಕಾಯಿ, ಹೀರೆಕಾಯಿ, ಕೆಂಪು ಕುಂಬಳ. ಇವು ನೀರು ಬಿಡುವ ತರಕಾರಿ, ದಂಟಿನ ನೀರು ಒಂದು ಲೋಟ ಕಡಿಮೆ ಮಾಡಿ. ಸೋರೆಕಾಯಿ ಹೆಚ್ಚುವಾಗ ಒಂದು ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಒಗೆದುಬಿಡಿ. ಕಹಿ ಸೋರೆಕಾಯಿ ವಿಷ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ಖಾರ ಬೇಕು ಅನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ಇದೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಸೂಪಿಗೆ ಹೇಳಿ ಮಾಡಿಸಿದ್ದು. ಪುಡಿಯನ್ನು ನೀರಿಗೆ ಉದುರಿಸಬೇಡಿ. ಅದರ ಕೆಂಪು ಬಿಡುವುದು ಎಣ್ಣೆಯಲ್ಲಿ. ಉಳ್ಳಾಗಡ್ಡಿ ಬಾಡಿದ ಮೇಲೆ ಕಾಲು ಚಮಚ ಪುಡಿ ಹಾಕಿ, ಹತ್ತಕ್ಕೆ ಎಣಿಸುವಷ್ಟರಲ್ಲಿ ತರಕಾರಿ ಹಾಕಿಬಿಡಿ, ಇಲ್ಲದಿದ್ದರೆ ಸೀಯುತ್ತದೆ.

ಯಾರಿಗೆ ಹೇಗೆ

ಹಲ್ಲಿಲ್ಲದ ಹಿರಿಯರಿಗೆ, ಸಣ್ಣ ಮಕ್ಕಳಿಗೆ ರುಬ್ಬಿ ಕೊಡಬಹುದು. ಕುದಿಯುವ ಸೂಪನ್ನು ಮಿಕ್ಸರಿಗೆ ಹಾಕಿ ಮುಚ್ಚಳ ಬಿಗಿದರೆ ಒಳಗಿನ ಹಬೆ ಮುಚ್ಚಳ ಹಾರಿಸುತ್ತದೆ, ಮುಖ-ಕೈ ಸುಡುತ್ತದೆ. ಪೂರ್ತಿ ಆರಿಸಿ, ಜಾರು ಅರ್ಧ ಮಾತ್ರ ತುಂಬಿ. ಒಂದು ವರ್ಷದೊಳಗಿನ ಕೂಸಿಗೆ ಅಂತ ತೆಗೆಯುವುದಿದ್ದರೆ ಉಪ್ಪು ಹಾಕುವ ಮುಂಚೆಯೇ ತೆಗೆದಿಡಿ. ಸಕ್ಕರೆ ಕಾಯಿಲೆ ಇರುವವರು ರುಬ್ಬದೆ, ಸೋಸದೆ, ತರಕಾರಿ ಅಗಿದು ತಿನ್ನಲಿ. ನಾರು ಹಾಗೇ ಉಳಿಯಲಿ.

ಕಿಡ್ನಿ ತೊಂದರೆ ಇರುವವರ ವಿಷಯ ಬೇರೆ. ತರಕಾರಿ ಬೇಯಿಸಿದಾಗ ಅದರ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಸೂಪಿನಲ್ಲಿ ಆ ನೀರನ್ನೇ ಕುಡಿಯುತ್ತೇವೆ. ವೈದ್ಯರು ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿದ್ದರೆ, ನೀರಿಗೆ ಮಿತಿ ಹಾಕಿದ್ದರೆ, ಅವರನ್ನು ಕೇಳದೆ ಈ ಸೂಪು ಕುಡಿಯಬೇಡಿ. ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ತಗೊಳ್ಳುವವರೂ ಸೊಪ್ಪಿನ ಪ್ರಮಾಣ ಏಕಾಏಕಿ ಹೆಚ್ಚಿಸಬಾರದು.

ಉಳಿದರೆ

ಬೇಸಿಗೆಯ ಸೆಖೆಗೆ ಬೇಳೆ ಹಾಕಿದ ಪದಾರ್ಥ ಬೇಗ ಹಳಸುತ್ತದೆ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಹಾಕಿ, ಎರಡು ದಿನದಲ್ಲಿ ಮುಗಿಸಿ. ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿ ಬರುವ ತನಕ ಕಾಸಿ. ಪದೇಪದೇ ಎಲ್ಲವನ್ನೂ ಬಿಸಿ ಮಾಡುವುದು ಬೇಡ. ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಕಾಲು ಲೋಟ ಬಿಸಿನೀರು ಸೇರಿಸಿದರೆ ಹದಕ್ಕೆ ಬರುತ್ತದೆ. ಬೆಳಿಗ್ಗೆ ಡಬ್ಬಿ ಕಟ್ಟುವ ಅವಸರವಿದ್ದರೆ ಆ ಗಟ್ಟಿ ಸೂಪಿಗೆ ಬೇಯಿಸಿದ ಜೋಳದ ನುಚ್ಚು ಕಲಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಪಕ್ಕಕ್ಕೆ ಒಂದಿಷ್ಟು ಮೊಸರು ಹಾಕಿಕೊಟ್ಟರೆ ಮಧ್ಯಾಹ್ನದ ಡಬ್ಬಿ ತಯಾರು.